550 ವಾಟ್ ಸಾಕಾಯಿತು: ಎಸ್‌ಎಂಪಿಎಸ್ ಮತ್ತು ಕ್ಯಾಬಿನೆಟ್ ಆಯ್ಕೆಯಲ್ಲಿ ನನ್ನ ಅನುಭವ

ರೈಜೆನ್ 5 5600 ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇರುವ ನನ್ನ ಕಂಪ್ಯೂಟರಿಗೆ 750 ವಾಟ್‌ಗಿಂತ ಕಡಿಮೆಯ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಬಿಡಿಭಾಗಗಳಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿ ಕೊಡುವ ಪೆಟ್ಟಿಗೆ) ಹಾಕಲೇಬಾರದೆಂದು ಅಂಗಡಿಯವರೂ ಗೆಳೆಯರೂ ಪಟ್ಟು ಹಿಡಿದಿದ್ದರು. ನಾನು 550 ವಾಟ್‌ನ ಗೋಲ್ಡ್ ದರ್ಜೆಯದನ್ನು (ಕರೆಂಟ್ ಕಡಿಮೆ ಪೋಲು ಮಾಡುವಂಥದ್ದನ್ನು) ಹಾಕಿದ್ದೇನೆ. ಕಲಬುರಗಿಯ 42 ಡಿಗ್ರಿ ಬಿಸಿಲಿನಲ್ಲಿ ಹಗಲಿಡೀ ರೆಂಡರಿಂಗ್ ನಡೆಸಿದರೂ ಯಂತ್ರ ಒಮ್ಮೆಯೂ ನಿಂತಿಲ್ಲ. ಕಾರ್ಡಿಗೆ 170 ವಾಟ್, ಪ್ರೊಸೆಸರಿಗೆ ಹೆಚ್ಚೆಂದರೆ 76, ಉಳಿದೆಲ್ಲಕ್ಕೂ 50 ಎಂದು ಹಿಡಿದರೂ ಮೊತ್ತ 300ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ವಾಟ್‌ಗಿಂತ ಮೊದಲು ನೋಡಬೇಕಾದದ್ದು ಲೇಬಲ್ಲಿನ ಇನ್‌ಪುಟ್ ಸಾಲನ್ನು, ಅಂದರೆ ಅದು ಎಷ್ಟರಿಂದ ಎಷ್ಟು ವೋಲ್ಟೇಜಿನವರೆಗೆ ಕೆಲಸ ಮಾಡುತ್ತದೆ ಎಂಬುದನ್ನು. ಸಂಜೆ ಏಳರ ಹೊತ್ತಿಗೆ ನಮ್ಮ ಓಣಿಯಲ್ಲಿ ವೋಲ್ಟೇಜ್ 180ರ ಹತ್ತಿರಕ್ಕೆ ಇಳಿಯುತ್ತದೆ. ಹಳೆಯ ಕ್ಯಾಬಿನೆಟ್ಟಿನೊಂದಿಗೆ ಬಂದಿದ್ದ, ಬಿಡಿಯಾಗಿ ಕೊಂಡರೆ 1,200 ರೂಪಾಯಿ ಬಾಳುತ್ತಿದ್ದ ಎಸ್‌ಎಂಪಿಎಸ್, ಲೋಡ್ ಬಿದ್ದೊಡನೆ 12 ವೋಲ್ಟ್ ಲೈನನ್ನು 11.3ಕ್ಕೆ ಇಳಿಸಿ ಯಂತ್ರವನ್ನು ರೀಸ್ಟಾರ್ಟ್ ಮಾಡುತ್ತಿತ್ತು. ಗೆಳೆಯರ ಮಾತಿನಂತೆ ಮೂರು ಸಾವಿರ ಕೊಟ್ಟು ತಂದ ಸೆಕೆಂಡ್ ಹ್ಯಾಂಡ್ 750 ವಾಟ್‌ನದ್ದೂ ಅದೇ ಹೊತ್ತಿಗೆ ಕೈಕೊಟ್ಟಿತು, ಏಕೆಂದರೆ ಎರಡರ ಲೇಬಲ್ಲಿನಲ್ಲೂ 200–240 ಎಂದೇ ಇತ್ತು. ಈಗಿನದರಲ್ಲಿ 100–240 ಎಂದಿದೆ. ಕೊಂಡಾಗ ಬೆಲೆ ಸುಮಾರು ಆರು ಸಾವಿರ ಇತ್ತು. ಇನ್‌ವರ್ಟರ್ ಇರುವವರು ಅದನ್ನು ಯುಪಿಎಸ್ ಮೋಡ್‌ನಲ್ಲೇ (ಬೇಗನೆ ಬ್ಯಾಟರಿಗೆ ಬದಲಾಗುವ ಸೆಟ್ಟಿಂಗ್‌ನಲ್ಲಿ) ಇಡಬೇಕು, ಇಲ್ಲವಾದರೆ ಕರೆಂಟ್ ಹೋದ ಕ್ಷಣದಲ್ಲಿ ಒಳ್ಳೆಯ ಎಸ್‌ಎಂಪಿಎಸ್ ಕೂಡ ತಡೆದುಕೊಳ್ಳದಿರಬಹುದು.

ಕ್ಯಾಬಿನೆಟ್ಟಿನ, ಅಂದರೆ ಕಂಪ್ಯೂಟರಿನ ಹೊರಪೆಟ್ಟಿಗೆಯ ವಿಷಯದಲ್ಲಿ ನನ್ನ ನಿಲುವು ಖಚಿತ: ಮುಂಭಾಗ ಜಾಲರಿಯದೇ ಆಗಿರಬೇಕು. ಗಾಜಿನ ಮುಂಭಾಗದಲ್ಲಿ 84 ಡಿಗ್ರಿ ಮುಟ್ಟುತ್ತಿದ್ದ ಕಾರ್ಡ್ ಇದರಲ್ಲಿ 73ರ ಹತ್ತಿರ ನಿಂತಿದೆ. ಎರೆಮಣ್ಣಿನ ಧೂಳು ಫಿಲ್ಟರ್ ಇರುವ ದಾರಿಯಿಂದಲೇ ಬರಲೆಂದು ಮುಂದೆ 140 ಮಿಲಿಮೀಟರಿನ ಎರಡು ಫ್ಯಾನ್‌ಗಳನ್ನೂ ಹಿಂದೆ 120ರ ಒಂದನ್ನೂ ಇಟ್ಟೆ. ಹಿಂಬದಿಯ ಸ್ಲಾಟ್‌ಗಳ ಸಂದಿಯ ಬಳಿ ಊದುಬತ್ತಿ ಹಿಡಿದು ಪರೀಕ್ಷಿಸಿದೆ. ಹೊಗೆ ಒಳಗೆ ಎಳೆದುಕೊಳ್ಳದೆ ನನ್ನ ಕಡೆಗೇ ತಳ್ಳಿಕೊಂಡು ಬಂದರೆ ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದೆ, ಸಂದಿಗಳಿಂದ ಧೂಳು ನುಗ್ಗದು, ಫ್ಯಾನ್‌ಗಳ ಹೊಂದಿಕೆ ಸರಿಯಿದೆ ಎಂದರ್ಥ. ಫಿಲ್ಟರಿಗಾಗಿ ನೈಲಾನ್ ಕಾಲುಚೀಲವನ್ನು ಬಿಗಿದಾಗ ತಾಪ ಆರೇಳು ಡಿಗ್ರಿ ಏರಿತು. ಸೊಳ್ಳೆಪರದೆಯ ತುಂಡು ಎರಡೇ ಡಿಗ್ರಿ ಏರಿಸಿತು, ಅದೇ ಉಳಿಯಿತು.

ಕ್ಯಾಬಿನೆಟ್ಟಿಗೆ ನಾಲ್ಕೂವರೆ ಸಾವಿರ, ಫ್ಯಾನ್‌ಗಳಿಗೆ ಒಂದೂವರೆ, ಎಸ್‌ಎಂಪಿಎಸ್ ಸೇರಿ ಹನ್ನೆರಡು ಸಾವಿರದೊಳಗೆ ಮುಗಿಯಿತು. ಅಂಗಡಿಯವರು ಕೊಟ್ಟಿದ್ದ ಕೊಟೇಶನ್ ಹದಿನೇಳರದ್ದು. ಉಳಿದ ಹಣದಲ್ಲಿ ಹಿತ್ತಲಿನಲ್ಲಿ ಅರ್ಥಿಂಗ್ ಗುಂಡಿ ತೋಡಿಸಿದೆ. ಅದಕ್ಕೆ ಮೊದಲು ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಕರೆಂಟಿಗೆ ನೆಲದ ದಾರಿಯಿಲ್ಲದೆ, ಕ್ಯಾಬಿನೆಟ್ಟಿನ ಸ್ಕ್ರೂ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಈಗ ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಮೀಟರ್ ಎರಡು ವೋಲ್ಟ್‌ ಕೂಡ ತೋರಿಸುವುದಿಲ್ಲ.