ಮಲೆನಾಡಿನ ಹಳೇ ಮನೆ ಕೆಲಸ ಹಿಡಿಯುವ ಹೊಸ ಆರ್ಕಿಟೆಕ್ಟ್‌ಗಳಿಗೆ

ಹಳೇ ತೊಟ್ಟಿಮನೆಯನ್ನು ಮೊದಲ ಸಲ ನೋಡುವುದಾದರೆ ಜುಲೈ ತಿಂಗಳಲ್ಲೇ ಹೋಗಿ. ಬೇಸಿಗೆಯಲ್ಲಿ ಎಲ್ಲಾ ಮನೆಯೂ ಗಟ್ಟಿಯಾಗೇ ಕಾಣುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿದುಕೊಂಡಾಗ ನಿಜವಾದ ತೊಂದರೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಟಾರ್ಚ್, ಉದ್ದನೆಯ ಸ್ಕ್ರೂಡ್ರೈವರ್, ಸೀಮೆಸುಣ್ಣ ಇದ್ದರೆ ಸಾಕು. ಅಳತೆ ಟೇಪು ಆಮೇಲೆ.

ಮೊದಲು ಅಟ್ಟ ಹತ್ತಿ. ಟಾರ್ಚ್ ಆರಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತರೆ ಹೆಂಚಿನ ಸಂದಿಯಲ್ಲಿ ಬೆಳಕು ಕಾಣುತ್ತದೆ. ಆದರೆ ಸೋರಿದ ನೀರು ಅಲ್ಲೇ ನಿಲ್ಲುವುದಿಲ್ಲ. ಹೆಂಚು ಕೂರುವ ಅಡ್ಡಪಟ್ಟಿ ರೀಪಿಗೆ ಬಂದು, ಅದರ ಕೆಳಗಿನ ಇಳಿಜಾರು ಮರ ಪಕಾಸಿ ಹಿಡಿದು ಇಳಿದು, ಪಕಾಸಿ ಗೋಡೆಯ ಮೇಲೆ ಕೂತ ಜಾಗದಲ್ಲಿ ಸೇರಿಕೊಳ್ಳುತ್ತದೆ. ಚುಚ್ಚಿ ನೋಡಬೇಕಾದದ್ದು ಅಲ್ಲಿ. ಮರ ಗಟ್ಟಿಯಿದ್ದರೆ ಸ್ಕ್ರೂಡ್ರೈವರ್ ತುದಿ ಒಳಗೇ ಹೋಗುವುದಿಲ್ಲ. ಸಲೀಸಾಗಿ ಇಳಿದರೆ ಸೀಮೆಸುಣ್ಣದ ಗುರುತು ಹಾಕಿ. ತೊಟ್ಟಿಯ ನಾಲ್ಕು ಮೂಲೆಗಳಲ್ಲಿ, ಎರಡು ಮಾಡು ಕೂಡುವ ಕಡೆ ಹಾಕಿದ ತಗಡಿನ ಕೆಳಗೂ ಹೀಗೇ ನೋಡಿ. ಅಲ್ಲೇ ಜಾಸ್ತಿ ಕೊಳೆತಿರುತ್ತದೆ.

'ಇಡೀ ಮಾಡು ಹೋಗಿದೆ, ಬಿಚ್ಚಿ ಶೀಟ್ ಹಾಕ್ಬಿಡಿ ಮೇಡಂ' ಅಂತ ಮನೆಯವರು ಹೇಳುತ್ತಾರೆ. ಆಗ ಅವರನ್ನೂ ಅಟ್ಟಕ್ಕೆ ಕರೆದುಕೊಂಡು ಹೋಗಿ ಗುರುತು ತೋರಿಸಿ. ಎಷ್ಟೋ ಮನೆಗಳಲ್ಲಿ ಹಾಳಾಗಿರುವುದು ಪಕಾಸಿಯ ತುದಿಗಳು, ಮೂಲೆಯ ತೊಲೆ, ಅಷ್ಟೇ. ಕೊಳೆತ ತುಂಡು ಕತ್ತರಿಸಿ ಅದೇ ಜಾತಿಯ ಹಳೇ ಮರವನ್ನು ಕೂಡಿಸಬಹುದು. ಆ ಕೂಡಿಕೆ ಹೇಗೆ ಹಾಕಬೇಕು ಅಂತ ಊರಿನ ಹಳೇ ಬಡಗಿಯನ್ನು ಕೇಳಿ. ಅವರು ಕೈಯಲ್ಲಿ ಮಾಡಿ ತೋರಿಸಿದ್ದನ್ನು ನೀವು ನಕ್ಷೆಗೆ ಇಳಿಸಿ.

ಗೋಡೆಯ ವಿಷಯದಲ್ಲಿ ನಾನು ಹಠ ಹಿಡಿಯುತ್ತೇನೆ. ಮಣ್ಣಿನ ಗೋಡೆ ನೆಲದಿಂದ ತೇವ ಎಳೆಯುತ್ತದೆ, ಮೈಯಿಂದೆಲ್ಲಾ ಅದನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಆ ದಾರಿ ಮುಚ್ಚಿತು. ತೇವ ಒಳಗೇ ಮೇಲೇರುತ್ತದೆ. ಹೊಸನಗರದ ಕಡೆಯ ಒಂದು ಮನೆಯಲ್ಲಿ ಜಗಲಿ ಗೋಡೆ ನುಣ್ಣಗೆ ಚೆನ್ನಾಗಿಯೇ ಇತ್ತು. ಬೆರಳ ಗೆಣ್ಣಿನಿಂದ ತಟ್ಟಿದರೆ ಡಬ್ ಡಬ್ ಅಂದಿತು. ಮೊಣಕಾಲೆತ್ತರದಲ್ಲಿ ಒಂದು ಚಕ್ಕೆ ಎಬ್ಬಿಸಿದಾಗ ಹಿಂದಿನ ಮಣ್ಣು ಹಿಟ್ಟಿನ ಹಾಗೆ ಕಲಸಿಕೊಂಡು ಕೈಗೆ ಬಂತು. ಅಂಥ ಕಡೆ ಸಿಮೆಂಟ್ ಪೂರ್ತಿ ತೆಗೆಸಿ, ಗೋಡೆ ಒಣಗಲು ಬಿಟ್ಟು, ಆಮೇಲೆ ಒಂದಕ್ಕೆ ಮೂರು ಮರಳು ಸೇರಿಸಿದ ಸುಣ್ಣದ ಗಾರೆ ಹಾಕಿಸಿ. ಸುಣ್ಣವನ್ನು ವಾರಗಟ್ಟಲೆ ಮೊದಲೇ ನೀರಲ್ಲಿ ಅರಳಿಸಿ ಇಡಬೇಕು. ಮೇಲೆ ಎನಾಮೆಲ್ ಪೇಂಟ್ ಬೇಡವೇ ಬೇಡ.

ಓದಿನ ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ: ನಾಟಾ ಪ್ರವೇಶ ಪರೀಕ್ಷೆ, 5 ವರ್ಷದ ಬಿ.ಆರ್ಕ್ ಪದವಿ, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನೋಂದಣಿ. ಬೇಕಾದರೆ ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ (ಎಸ್‌ಪಿಎ) ಕನ್ಸರ್ವೇಶನ್ ಸ್ನಾತಕೋತ್ತರ ಮಾಡಬಹುದು. ಆದರೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಮರದ ಕಂಬಗಳ ಎದುರು, ಕುಪ್ಪಳಿಯ ಕವಿಮನೆಯ ಅಂಗಳದಲ್ಲಿ ಸ್ಕೆಚ್ ಪುಸ್ತಕ ಹಿಡಿದು ಕೂರದೆ ಈ ಕೆಲಸಕ್ಕೆ ಬರಬೇಡಿ. ತೊಲೆ ಕಂಬದ ಮೇಲೆ ಹೇಗೆ ಕೂತಿದೆ ಅನ್ನೋದು ಬರೆಯುತ್ತಾ ಹೋದಾಗಲೇ ತಿಳಿಯುವುದು.

ಕಾನೂನು ಒಂದೆರಡು ಮಾತಲ್ಲಿ ಹೇಳುತ್ತೇನೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಂಥ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಮನೆ ದುರಸ್ತಿಗೂ ಮೊದಲೇ ಅನುಮತಿ ಪಡೆಯಿರಿ.

ಇನ್ನು ದುಡ್ಡು. ಕೆಲಸದ ಒಟ್ಟು ಖರ್ಚಿನ ಮೇಲೆ ಇಷ್ಟು ಪರ್ಸೆಂಟ್ ಅಂತ ಫೀಸ್ ಮಾತಾಡಬೇಡಿ. ಹಾಗೆ ಮಾಡಿದರೆ ಜಾಸ್ತಿ ಕೆಡವಿದಷ್ಟೂ ನಿಮಗೆ ಲಾಭ, ಉಳಿಸಿದಷ್ಟೂ ನಷ್ಟ. ಪರಿಶೀಲನಾ ವರದಿಗೆ ಒಂದು ಮೊತ್ತ, ಆಮೇಲೆ ಭೇಟಿಗೆ ಇಷ್ಟು ಅಂತ ಬರೆದುಕೊಳ್ಳಿ.

ನಮ್ಮಲ್ಲಿ ಮನೆ ಬೀಳುವುದಕ್ಕೆ ಮಳೆಗಿಂತ ಹಿಸ್ಸೆ ದೊಡ್ಡ ಕಾರಣ. ಒಬ್ಬ ಅಣ್ಣ ಬೆಂಗಳೂರಲ್ಲಿ, ತಂಗಿ ಸಾಗರದಲ್ಲಿ. ಮರದ ವ್ಯಾಪಾರಿ ಬಂದು ಕಂಬ, ತೊಲೆಗೆ ಬೆಲೆ ಕಟ್ಟಿದ ಅಂದರೆ ಮನೆ ಬಿಚ್ಚುವುದು ಎರಡು ದಿನದ ಮಾತು. ಹಾಗಾಗಿ ಕೆಲಸ ಒಪ್ಪುವ ಮೊದಲೇ ಪಾಲಿರುವ ಎಲ್ಲರ ಸಹಿ ಕೇಳಿ. ಸಹಿ ತಡವಾದರೆ ಸೋರುವ ಮೂಲೆಗಳಿಗೆ ಟಾರ್ಪಾಲ್ ಹೊದಿಸಿ, ಕೆಳಗೆ ಗೂಟ ಕೊಟ್ಟು ತೊಲೆ ನಿಲ್ಲಿಸಿ. ಅಷ್ಟು ಮಾಡಿದರೆ ಮುಂದಿನ ಬೇಸಿಗೆವರೆಗೂ ಮನೆ ಕಾಯುತ್ತದೆ.