ಡಿಸ್ಕ್ ಖಾಲಿ ಇದ್ದರೂ ‘ಜಾಗ ಇಲ್ಲ’ ಅಂದರೆ

ನಮ್ಮದು ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿಸುವ ಸಣ್ಣ ಆಫೀಸು. ಒಬ್ಬೊಬ್ಬ ಬೆಳೆಗಾರರಿಗೆ ಒಂದೊಂದು ಫೋಲ್ಡರ್. ಅದರೊಳಗೆ ಕಾಫಿಯ ಪ್ರತಿ ಲಾಟ್‌ಗೆ (ಒಂದು ಸಲ ಬಂದ ಮಾಲಿಗೆ) ಒಂದು ಫೋಲ್ಡರ್, ಅದರಲ್ಲಿ ತೂಕದ ಚೀಟಿ, ತೇವಾಂಶ ಮೀಟರಿನ ಫೋಟೋ. ಮೂಲೆಯಲ್ಲಿರುವ ಹಳೇ ಲಿನಕ್ಸ್ ಕಂಪ್ಯೂಟರ್ ಇವನ್ನೆಲ್ಲ ಮೂಡಿಗೆರೆಯ ಗೋಡೌನಿಗೆ ಕಳಿಸುತ್ತಿರುತ್ತದೆ. ಜನವರಿಯಲ್ಲಿ, ಕೊಯ್ಲು ಜೋರಾಗಿದ್ದಾಗಲೇ, ಕಳಿಸುವುದು ನಿಂತುಹೋಯಿತು. ಪ್ರೋಗ್ರಾಂ ಬರೆದಿಡುವ ಲಾಗ್ ನೋಡಿದರೆ ‘ಡಿಸ್ಕಿನಲ್ಲಿ ಜಾಗ ಇಲ್ಲ’ ಅಂತ ಬರೆದಿತ್ತು. ಡಿಸ್ಕಿನ ಜಾಗ ತೋರಿಸುವ ‘ಡಿಎಫ್ -ಎಚ್’ ಕಮಾಂಡ್ ಹಾಕಿದೆ. ಅರ್ಧ ಡಿಸ್ಕ್ ಖಾಲಿ!

ಮುಗಿದಿದ್ದು ಡಿಸ್ಕ್ ಅಲ್ಲ, ವಾಚ್. ಫೋಲ್ಡರಿನಲ್ಲಿ ಏನು ಬದಲಾಯಿತು ಅಂತ ಕಾಯುವ ಪ್ರೋಗ್ರಾಂಗೆ ಕರ್ನಲ್ (ಲಿನಕ್ಸಿನ ತಿರುಳು) ಫೋಲ್ಡರಿಗೊಂದು ವಾಚ್, ಅಂದರೆ ಕಾವಲು, ಕೊಡುತ್ತದೆ. ಅದಕ್ಕೊಂದು ಮಿತಿ ಇದೆ. ನೋಡುವುದು ಹೀಗೆ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ):

ಸಿಸ್‌ಸಿಟಿಎಲ್ ಎಫ್‌ಎಸ್.ಐನೋಟಿಫೈ.ಮ್ಯಾಕ್ಸ್_ಯೂಸರ್_ವಾಚಸ್

ನನಗೆ ಬಂದಿದ್ದು 8192. ಕರ್ನಲ್ 5.11ರಿಂದ ಈಚೆಗೆ ಈ ಮಿತಿಯನ್ನು ರ್‍ಯಾಮ್ ನೋಡಿ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ, ಹಳೆಯದರಲ್ಲಿ ಹಾಗಿಲ್ಲ. ನಿಮಗೆ ಎಷ್ಟು ಬೇಕು? ಕಳಿಸಬೇಕಾದ ಮುಖ್ಯ ಫೋಲ್ಡರಿನೊಳಗೆ ಹೋಗಿ ಫೋಲ್ಡರ್ ಎಣಿಸಿ:

ಫೈಂಡ್ . -ಟೈಪ್ ಡಿ | ಡಬ್ಲ್ಯುಸಿ -ಎಲ್

ನಮ್ಮಲ್ಲಿ 11,000 ಚಿಲ್ಲರೆ ಬಂತು. ಹಾಗಾಗಿ 32768ಕ್ಕೆ ಏರಿಸಿದೆ (‘ಸುಡೊ’ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ):

ಸುಡೊ ಸಿಸ್‌ಸಿಟಿಎಲ್ -ಡಬ್ಲ್ಯು ಎಫ್‌ಎಸ್.ಐನೋಟಿಫೈ.ಮ್ಯಾಕ್ಸ್_ಯೂಸರ್_ವಾಚಸ್=32768

ಸಮ ಚಿಹ್ನೆಯ ಅಕ್ಕಪಕ್ಕ ಜಾಗ ಬಿಡಬೇಡಿ. 64 ಬಿಟ್ ಮೆಷಿನ್ನಿನಲ್ಲಿ ಒಂದು ವಾಚಿಗೆ ಸುಮಾರು 1 ಕೆಬಿ ಮೆಮೊರಿ ಹೋಗುತ್ತದೆ, ಅದೂ ಬಳಸಿದಾಗ ಮಾತ್ರ. ಹಾಗಂತ ಕೋಟಿಗಟ್ಟಲೆ ಹಾಕುವ ಹುಚ್ಚು ಬೇಡ.

ಇಷ್ಟಕ್ಕೆ ಕೆಲಸ ಮುಗಿಯಿತು ಅಂದುಕೊಂಡೆ, ಅದೇ ತಪ್ಪು. ಜೂನಿನ ಮಳೆಗೆ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು, ಮತ್ತೆ ಆನ್ ಮಾಡಿದರೆ ಅದೇ 8192. ‘-ಡಬ್ಲ್ಯು’ದಲ್ಲಿ ಕೊಟ್ಟಿದ್ದು ರೀಬೂಟ್ ಆಗುವವರೆಗೆ ಮಾತ್ರ ಇರುತ್ತದೆ. ಉಳಿಯಬೇಕಾದರೆ ‘/ಇಟಿಸಿ/ಸಿಸ್‌ಸಿಟಿಎಲ್.ಡಿ’ ಒಳಗೆ ‘.ಕಾನ್ಫ್’ ಅಂತ ಕೊನೆಯಾಗುವ ಫೈಲ್ ಮಾಡಿ, ಹೆಸರು ಮತ್ತು ಸಂಖ್ಯೆಯ ಆ ಒಂದು ಸಾಲು ಬರೆಯಿರಿ. ಆಮೇಲೆ ‘ಸುಡೊ ಸಿಸ್‌ಸಿಟಿಎಲ್ --ಸಿಸ್ಟಮ್’ ಹಾಕಿ.

ಫೈಲ್‌ಗಳಿಗೆ ಸಂಬಂಧಿಸಿದ ಬೇರೆ ಸೆಟ್ಟಿಂಗ್ ನೋಡಬೇಕಾದರೆ ‘/ಪ್ರಾಕ್/ಸಿಸ್/ಎಫ್‌ಎಸ್’ ಫೋಲ್ಡರಿನೊಳಗೆ ಇಣುಕಿ, ಎಲ್ಲವೂ ಅಲ್ಲಿ ಫೈಲ್‌ಗಳಾಗಿ ಕೂತಿವೆ. ಅದರಲ್ಲಿ ‘ಫೈಲ್-ಎನ್‌ಆರ್’ ನನಗೆ ಇಷ್ಟ. ಮೂರು ಸಂಖ್ಯೆ ಕೊಡುತ್ತದೆ: ಮೊದಲನೆಯದು ಈಗ ತೆರೆದಿರುವ ಫೈಲ್‌ಗಳು, ಕೊನೆಯದು ತೆರೆಯಬಹುದಾದ ಗರಿಷ್ಠ. ನಡುವಿನದು ಯಾವಾಗಲೂ ಸೊನ್ನೆ, ಹಳೇ ಕಾಲದ ಪಳೆಯುಳಿಕೆ ಅಷ್ಟೇ. ಗರಿಷ್ಠ ಹೇಳುವ ‘ಫೈಲ್-ಮ್ಯಾಕ್ಸ್’ ಮುಟ್ಟುವ ಅಗತ್ಯ ನನಗಂತೂ ಬಂದಿಲ್ಲ. ‘ತುಂಬಾ ಫೈಲ್ ತೆರೆದಿವೆ’ ಅಂತ ಪ್ರೋಗ್ರಾಂ ಗೊಣಗಿದರೆ ಜಾಸ್ತಿ ಸಲ ತಪ್ಪು ಇಲ್ಲಿರುವುದಿಲ್ಲ, ಆ ಪ್ರೋಗ್ರಾಂನದೇ ಮಿತಿಯಲ್ಲಿರುತ್ತದೆ. ಅದಕ್ಕೆ ‘ಯೂಲಿಮಿಟ್ -ಎನ್’ ನೋಡಿ.

ಇನ್ನೊಂದು ಮಾತು. ಮಿತಿ ಏರಿಸಿದ ಮೇಲೆ ಫೈಲ್ ಕಳಿಸುವ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿ. ನಾನು ಅದನ್ನು ಮರೆತು ಒಂದು ಗಂಟೆ ಲಾಗ್ ನೋಡುತ್ತಾ ಕೂತಿದ್ದೆ.