ಅಜ್ಜಿಯ ಹಾಡಿನ ಕ್ಯಾಸೆಟ್ ಸಿಕ್ಕಿತಾ? ಸುಮ್ನೆ ಹಾಕಿ ನೋಡಬೇಡಿ

ಅಟ್ಟ ಗುಡಿಸುವಾಗ ಒಂದು ರಟ್ಟಿನ ಡಬ್ಬ ಸಿಕ್ಕೇ ಸಿಗುತ್ತದೆ. ನಾಲ್ಕು ಕ್ಯಾಸೆಟ್, ಮದುವೆಯ ವಿಎಚ್‌ಎಸ್ ವಿಡಿಯೊ ಟೇಪು, ಒಂದಷ್ಟು ನೆಗೆಟಿವ್, ಸಿಡಿ. ತಕ್ಷಣ ಯಾರ ಮನೆಯಿಂದಾದರೂ ಟೇಪ್‌ರೆಕಾರ್ಡರ್ ತಂದು ಕೇಳಿಬಿಡೋಣ ಅನ್ನಿಸುತ್ತದೆ ಅಲ್ವಾ? ದಯವಿಟ್ಟು ಬೇಡ. ಮೊದಲ ಸಲ ಹಾಕುವಾಗಲೇ ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ನಡೀತಾ ಇರಬೇಕು. ಹಳೆ ಟೇಪು ಎರಡನೇ ಸಲ ಓಡುತ್ತದೆ ಅಂತ ಹೇಳೋಕೆ ಆಗೋದಿಲ್ಲ.

ನಮ್ಮದು ಸಾಗರದ ಕಡೆಯ ಹಳ್ಳಿ. 1986ರಲ್ಲಿ ಅತ್ತೆಯ ಮದುವೆಗೆ ಅಜ್ಜಿ ಹೇಳಿದ ಹಸೆ ಹಾಡುಗಳು ಒಂದು ಸಿ-60 ಕ್ಯಾಸೆಟ್ಟಿನಲ್ಲಿದ್ದವು. ಪ್ಲಾಸ್ಟಿಕ್ ಕಿಂಡಿಯಲ್ಲಿ ನೋಡಿದರೆ ಸುತ್ತಿದ ಟೇಪಿನ ಅಂಚಿಗೆ ಅಕ್ಕಿಹಿಟ್ಟು ಉದುರಿದ ಹಾಗೆ ಬಿಳಿ ಬಿಳಿ. ಅದೇ ಬೂಷ್ಟು. ಹಾಗೇ ಹಾಕಿದ್ದರೆ ಅದು ಟೇಪ್‌ರೆಕಾರ್ಡರಿನ ಹೆಡ್ಡಿಗೆ, ಅಂದರೆ ಟೇಪಿನಿಂದ ದನಿ ಓದುವ ಭಾಗಕ್ಕೆ, ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಲೂಬಾರದು. ಬೇರೆ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು ಮಳೆಗಾಲ ಕಳೆಯಲು ಬಿಟ್ಟೆ. ಡಿಸೆಂಬರಿನ ಒಣ ಹವೆಯಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಜಗಲಿಯಲ್ಲಿ ಕೂತು ಮೆತ್ತನೆ ಬ್ರಷ್ಷಿನಿಂದ ಒಣಗಿದ ಬೂಷ್ಟನ್ನು ಉದುರಿಸಿದೆ.

ಇನ್ನೊಂದು ತೊಂದರೆ ಬಿಚ್ಚಿದಾಗ ಕಂಡಿತು. ಕ್ಯಾಸೆಟ್ಟಿನ ಬಾಯಿಯ ಮಧ್ಯೆ ತಾಮ್ರದ ಬಣ್ಣದ ಪುಟ್ಟ ತಗಡಿದೆ, ಅದರ ಮೇಲೆ ಕಡಲೆಬೇಳೆಯಷ್ಟು ಮೆತ್ತನೆ ತುಂಡು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯೋದು ಅದೇ. ಅಂಟು ಒಣಗಿ ಬಿದ್ದುಹೋದರೆ ದನಿ ಬಾವಿಯೊಳಗಿಂದ ಬಂದ ಹಾಗೆ ಮಂಕಾಗುತ್ತದೆ, ಜನ ಕ್ಯಾಸೆಟ್ಟೇ ಹಾಳಾಯಿತು ಅಂದುಕೊಂಡು ಎಸೆಯುತ್ತಾರೆ. ಹಾಗೆ ಎಸೆಯಬೇಡಿ. ಐದು ಸ್ಕ್ರೂ ಇರುವ ಕ್ಯಾಸೆಟ್ ಆದರೆ ಮೇಜಿನ ಮೇಲೆ ಮಲಗಿಸಿ ಬಿಚ್ಚಿ, ಟೇಪು ಹೋಗುವ ದಾರಿಯ ಫೋಟೊ ತೆಗೆದುಕೊಳ್ಳಿ, ಎರಡೂ ಸುರುಳಿಯನ್ನು ಬೇಡದ ಇನ್ನೊಂದು ಕ್ಯಾಸೆಟ್ಟಿನ ಹೊರಕವಚಕ್ಕೆ ಹಾಕಿ. ಬೆನ್ನಿನ ಮೇಲಿನ ಎರಡು ಚಿಕ್ಕ ಕಿವಿಗಳನ್ನು ಮುರಿದುಬಿಡಿ, ಆಗ ಯಾರೂ ತಪ್ಪಿ ಅದರ ಮೇಲೆ ರೆಕಾರ್ಡ್ ಮಾಡೋಕಾಗಲ್ಲ.

ಈಗ ಮೆಷಿನ್, ಅಂದರೆ ಟೇಪ್‌ರೆಕಾರ್ಡರ್. ಹೆಡ್ಡು ಮತ್ತು ರಬ್ಬರ್ ರೋಲರನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿ, ಒಣಗಲಿ. ಮೊದಲು ಹೋದರೂ ಪರವಾಗಿಲ್ಲ ಅನ್ನುವ ಯಾವುದೋ ಸಿನಿಮಾ ಹಾಡಿನ ಕ್ಯಾಸೆಟ್ ಹಾಕಿ ಪರೀಕ್ಷೆ ಮಾಡಿ. ಅದು ಸರಿಯಾಗಿ ಓಡಿದರೆ ಅದರ ಲೈನ್ ಔಟ್‌ನಿಂದ (ದನಿ ಹೊರಗೆ ಕೊಡುವ ತೂತು) ಕಂಪ್ಯೂಟರಿಗೆ ವೈರ್ ಕೊಡಿ. ರೆಕಾರ್ಡ್ ಮಾಡೋಕೆ ಆಡಾಸಿಟಿ ಅನ್ನುವ ಉಚಿತ ತಂತ್ರಾಂಶ ಸಾಕು. ಅದರ ಸೆಟ್ಟಿಂಗಿನಲ್ಲಿ 48 ಕಿಲೊಹರ್ಟ್ಸ್, 24 ಬಿಟ್, ವೇವ್ ಫೈಲ್ ಅಂತ ಇಟ್ಟುಕೊಳ್ಳಿ. ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ, ಆಗಲಿ. ದನಿಯ ಮಟ್ಟ ತೋರಿಸುವ ಪಟ್ಟಿ ಕೆಂಪು ಗೆರೆ ಮುಟ್ಟದ ಹಾಗೆ ನೋಡಿಕೊಳ್ಳಿ. ಗೊರಗೊರ ಸದ್ದು ತೆಗೆಯೋ ಕೆಲಸ ಏನಿದ್ದರೂ ಆ ಫೈಲಿನ ಇನ್ನೊಂದು ಪ್ರತಿಯ ಮೇಲೆ, ಮೂಲವನ್ನು ಮುಟ್ಟಬೇಡಿ.

ವಿಎಚ್‌ಎಸ್ ಕಷ್ಟ ಜಾಸ್ತಿ. ಅದನ್ನು ಓಡಿಸುವ ವಿಸಿಆರ್ ಮೆಷಿನ್ನಿನ ತಯಾರಿಕೆ 2016ರಲ್ಲೇ ನಿಂತಿದೆ, ಒಳ್ಳೆ ಮೆಷಿನ್ ಇಟ್ಟುಕೊಂಡಿರುವವರನ್ನೇ ಹುಡುಕಬೇಕು. ನಾವು ಅಣ್ಣನ ಉಪನಯನದ ಟೇಪನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟಿದ್ದೆವು. ಎರಡು ಗಂಟೆಯದ್ದನ್ನು ನಲವತ್ತು ನಿಮಿಷಕ್ಕೆ ಕತ್ತರಿಸಿ, ಮಾತೆಲ್ಲ ಅಳಿಸಿ, ಮ್ಯೂಸಿಕ್ ಹಾಕಿ ಕೊಟ್ಟರು. ತಾತ ಬೈಯುವ ದನಿ ಬೇಕಿತ್ತು ನಮಗೆ! ಪುಣ್ಯಕ್ಕೆ ಟೇಪು ವಾಪಸ್ ತಂದಿದ್ದೆವು. ಹಾಗಾಗಿ ಮೊದಲೇ ಹೇಳಿ: ಪೂರ್ತಿ ಬೇಕು, ಕತ್ತರಿ ಬೇಡ, ಮ್ಯೂಸಿಕ್ ಬೇಡ, ಟೇಪು ವಾಪಸ್ ಬೇಕು. ಅಮೆರಿಕದಿಂದ ಬಂದ ಟೇಪಾದರೆ ಅದು ನಮ್ಮ ದೇಶದ ಪಾಲ್ ವಿಡಿಯೊ ಪದ್ಧತಿಯದ್ದಲ್ಲ, ಅಲ್ಲಿನ ಎನ್‌ಟಿಎಸ್‌ಸಿ ಪದ್ಧತಿಯದ್ದಿರಬಹುದು, ಅದನ್ನೂ ಹೇಳಿ.

ನೆಗೆಟಿವ್ ಅಥವಾ ಫಿಲ್ಮ್ ಡಬ್ಬ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಫಿಲ್ಮ್ ಕೊಳೆಯುತ್ತಿದೆ ಅಂತಲೇ ಅರ್ಥ. ಪಕ್ಕದ ಫಿಲ್ಮಿಗೂ ತಗಲುತ್ತದೆ. ಬೇರೆ ಮಾಡಿ, ಗಾಳಿಯಾಡುವ ಕಡೆ ಇಡಿ, ಎಲ್ಲಕ್ಕಿಂತ ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ. ಮನೆಯಲ್ಲಿ ಬರೆದ ಸಿಡಿ ಇವತ್ತು ಓಡಿದರೂ ಇವತ್ತೇ ಕಾಪಿ ಮಾಡಿ. ಒರೆಸುವಾಗ ಮಧ್ಯದಿಂದ ಅಂಚಿಗೆ ನೇರವಾಗಿ, ಗುಂಡಗೆ ತಿರುಗಿಸಿ ಅಲ್ಲ. ಹೆಸರು ಬರೆದ ಮೇಲ್ಮೈಯೇ ಸೂಕ್ಷ್ಮ, ಅಲ್ಲಿ ಬಾಲ್‌ಪೆನ್ನು ಬೇಡ.

ಇಡುವ ಜಾಗ ಅಂದರೆ ಒಲೆ ಮೇಲಿನ ಅಟ್ಟವೂ ಅಲ್ಲ, ಮಳೆ ಹೊಡೆಯುವ ಗೋಡೆಗೆ ತಾಗಿದ ಬೀರುವೂ ಅಲ್ಲ. ಮನೆಯ ಒಳಕೋಣೆ, ನೆಲದಿಂದ ಮೇಲೆ. ಕ್ಯಾಸೆಟ್ಟನ್ನು ಪುಸ್ತಕದ ಹಾಗೆ ನಿಲ್ಲಿಸಿಡಿ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೆ ಆಗಿಬರೋದಿಲ್ಲ. ಫೈಲುಗಳನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ, ಒಂದನ್ನು ಬೇರೆ ಊರಿನ ಅಕ್ಕನ ಮನೆಯಲ್ಲಿ ಇಡಿ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರ ಗುಣಮಟ್ಟ ಕುಗ್ಗಿಹೋಗಿರಬಹುದು.

ಮತ್ತೆ, ಹಿರಿಯರು ಇರುವಾಗಲೇ ಕೂರಿಸಿಕೊಂಡು ಕೇಳಿಸಿ. ನಮ್ಮ ಕ್ಯಾಸೆಟ್ಟಿನಲ್ಲಿ ಅಜ್ಜಿಯ ಹಿಂದೆ ಇನ್ನೊಂದು ದನಿ ಸೊಲ್ಲು ಹಿಡಿಯುತ್ತಿತ್ತು, ಯಾರೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಎರಡೇ ಸಾಲಿಗೆ ಗುರುತಿಸಿದರು, ಅಜ್ಜಿಯ ತಂಗಿಯಂತೆ. ಅವರ ಬೇರೆ ಯಾವ ರೆಕಾರ್ಡಿಂಗೂ ಇಲ್ಲ. ಈಗ ಫೈಲಿನ ಹೆಸರಿನಲ್ಲಿ ಇಬ್ಬರ ಹೆಸರೂ ಇದೆ.